ಎರಡನೇ ಪ್ರೀತಿಗೆ ಸತ್ತೇ ಹುಟ್ಟಬೇಕೇನು?

ಕನ್ನಡದ ಐತಿಹಾಸಿಕ ಪ್ರೇಮಕಥೆಗಳ ಬಗ್ಗೆ ನಮ್ಮದೊಂದು ತಕರಾರಿದೆ. ಇವುಗಳಲ್ಲಿ ರಾಜ ಎಷ್ಟು ಸಲ ಬೇಕಾದರೂ ಪ್ರೀತಿಸಬಹುದು. ಹೆಣ್ಣಿಗೆ ಸಾಮಾನ್ಯವಾಗಿ ಒಂದೇ ಸಲ. ಗಂಡ ಯುದ್ಧದಲ್ಲಿ ಸತ್ತರೆ ಅವಳು ಚಿತೆ ಏರಬೇಕು, ಇಲ್ಲವೇ ದೇವರ ಧ್ಯಾನದಲ್ಲಿ ಕೂರಬೇಕು. ಬರೆಯುವವರಿಗೆ ತೀರಾ ಕರುಣೆ ಬಂದರೆ ಅವಳಿಗೊಂದು ಪುನರ್ಜನ್ಮ ಕೊಡುತ್ತಾರೆ.

ಗಡಿಯ ಕುಂಚಾವರಂ ಕಡೆ ತೆಲುಗು ಸಿನಿಮಾ ನಮ್ಮ ಮನೆಯದೇ. 2009ರ ‘ಮಗಧೀರ’ದಲ್ಲಿ 1609ರಲ್ಲಿ ಸತ್ತ ಜೋಡಿ ನಾಲ್ಕು ನೂರು ವರ್ಷ ಬಿಟ್ಟು ಮತ್ತೆ ಹುಟ್ಟಿ ಒಂದಾಗುತ್ತದೆ. ಇದು ಹೊಸದೇನಲ್ಲ. 941ರ ‘ಆದಿಪುರಾಣ’ದಲ್ಲಿ ಪಂಪ ಹೇಳಿದ್ದೂ ಇಂಥದ್ದೇ ಕಥೆ. ಲಲಿತಾಂಗನನ್ನು ಕಳೆದುಕೊಂಡ ಸ್ವಯಂಪ್ರಭೆ ಶ್ರೀಮತಿಯಾಗಿ ಹುಟ್ಟಿ, ಹಿಂದಿನ ಜನ್ಮದ ನೆನಪನ್ನು ಚಿತ್ರವಾಗಿ ಬರೆಯುತ್ತಾಳೆ. ಅದನ್ನು ಗುರುತಿಸಿದ ವಜ್ರಜಂಘನ ಕೈ ಹಿಡಿಯುತ್ತಾಳೆ. ಕೊನೆಗೆ ಮಲಗುವ ಮನೆಯ ಧೂಪದ ಹೊಗೆಗೆ ಇಬ್ಬರೂ ಉಸಿರುಗಟ್ಟಿ ಸಾಯುತ್ತಾರೆ.

ಪಂಪನ ಮೇಲೆ ನಮಗೆ ಸಿಟ್ಟಿಲ್ಲ. ಭೋಗ ನಿಲ್ಲುವುದಲ್ಲ ಎಂದು ಅವನು ಹೇಳಬೇಕಿತ್ತು, ಹೇಳಿದ. ಸಿಟ್ಟಿರುವುದು ಸಾವಿರ ವರ್ಷದ ಮೇಲೂ ಅದೇ ಬಾಗಿಲಲ್ಲಿ ನಿಂತು, ಮೊಬೈಲಿನಲ್ಲಿ ಕಂತು ಕಂತಾಗಿ ರಾಣಿಯರನ್ನು ಕೊಲ್ಲುವವರ ಮೇಲೆ. 1899ರಲ್ಲೇ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯಲ್ಲಿ ವಿಧವೆಗೆ ಮರುಮದುವೆ ಮಾಡಿಸಿದರು. ಸಾಮಾಜಿಕ ಕಾದಂಬರಿ ಅಂದೇ ದಾಟಿದ ಹೊಸ್ತಿಲನ್ನು ಐತಿಹಾಸಿಕ ಪ್ರೇಮಕಥೆ ಇಂದಿಗೂ ದಾಟಲು ಅಂಜುತ್ತದೆ.

ಕೇಳಿದರೆ, ‘ಆ ಕಾಲವೇ ಹಾಗಿತ್ತು’ ಎನ್ನುತ್ತಾರೆ. ಯಾರ ಮನೆಯಲ್ಲಿ ಹಾಗಿತ್ತು? ನಮ್ಮ ಸೀಮೆಯ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಉಡಿಕೆ ಎಂಬ ಪದ್ಧತಿ ಇತ್ತು. ಹೊಸ ಸೀರೆ ಉಡಿಸಿ, ಹಿರಿಯರೆದುರು ಇನ್ನೊಬ್ಬನ ಜೊತೆ ಕೂಡಿಸುತ್ತಿದ್ದರು. ಗಡಿ ದಾಟಿದರೆ ತೆಲುಗಿನಲ್ಲಿ ಅದು ಮಾರುಮನುವು. 1856ರಲ್ಲಿ ಬ್ರಿಟಿಷರು ವಿಧವಾ ವಿವಾಹದ ಕಾಯ್ದೆ ತಂದಾಗ ನಮ್ಮದು ನಿಜಾಮರ ಸೀಮೆ. ಆ ಕಾಯ್ದೆಗೆ ಕಾಯದೆ ನಮ್ಮ ಹೆಣ್ಣುಮಕ್ಕಳು ಎರಡನೇ ಮನೆ ಕಟ್ಟಿಕೊಂಡರು.

ಉಡಿಕೆ ಸ್ವರ್ಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಅದು ಬಹಳ ಕಡೆ ರಾತ್ರಿ ಹೊತ್ತು, ವಾಲಗವಿಲ್ಲದೆ ನಡೆಯುತ್ತಿತ್ತು. ಉಡಿಕೆಯಾದವಳನ್ನು ಮದುವೆಮನೆಯ ಶುಭಕಾರ್ಯಕ್ಕೆ ಮುಂದೆ ಕರೆಯುತ್ತಿರಲಿಲ್ಲ. ಮೊದಲ ಗಂಡನ ಮಕ್ಕಳನ್ನು ಬಿಟ್ಟು ಬರುವ ಸಂಕಟವೂ ಇತ್ತು. ಹೊಸಬನ ಮೇಲೆ ಮನಸ್ಸಾಗಿದೆ, ಹಳೆಯವನು ಮರೆತಿಲ್ಲ, ಮಗು ಆ ಮನೆಯಲ್ಲಿದೆ. ಕಥೆಗೆ ಇದಕ್ಕಿಂತ ಇನ್ನೇನು ಬೇಕು?

ಇದು ಬರೀ ಸಾಹಿತ್ಯದ ಜಗಳವಲ್ಲ. ಈಗ ನಾಲ್ಕು ಕಾಸು, ನಾಲ್ಕು ಅಕ್ಷರ ಕಂಡ ಮನೆಗಳಲ್ಲಿ ಉಡಿಕೆ ಎಂದರೆ ನಾಚಿಕೆ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡವಳು ಮತ್ತೆ ಮದುವೆಯ ಮಾತೆತ್ತಿದರೆ, ‘ನಮ್ಮ ಹಿಂದಿನವರಲ್ಲಿ ಇಂಥದ್ದಿರಲಿಲ್ಲ’ ಎನ್ನುತ್ತಾರೆ. ಇತ್ತು. ಅವರ ಮುತ್ತಜ್ಜಿಯೇ ಉಡಿಕೆಯಾಗಿ ಬಂದವಳಿರಬಹುದು. ಆ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುವುದು ಸಿನಿಮಾ, ಧಾರಾವಾಹಿ, ಕಾದಂಬರಿಗಳ ಸತಿಯರು.

ಆದ್ದರಿಂದ ಬರೆಯುವವರಿಗೆ ಒಂದು ಮಾತು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 972ರಲ್ಲಿ ಪರಮಾರ ಸೀಯಕ ಅದನ್ನು ಲೂಟಿ ಮಾಡಿದ. ಅಂದು ಕಾಗಿಣಾ ದಂಡೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಗಂಡಂದಿರನ್ನು ಕಳೆದುಕೊಂಡಿರಬೇಕು! ಅವರೆಲ್ಲ ಬೆಂಕಿಗೆ ಹಾರಿದರೇ? ಯಾರೋ ಒಬ್ಬಳು ಸುಟ್ಟ ಮನೆಯ ಬೂದಿ ಗುಡಿಸಿ, ಒಲೆ ಹೂಡಿ, ವರ್ಷದ ಮೇಲೆ ಇನ್ನೊಬ್ಬನಿಗೆ ಅನ್ನ ಬಡಿಸುತ್ತ ನಕ್ಕಿರಬಾರದೇ? ಅವಳನ್ನು ಸಾಯಿಸದೆ ಬರೆಯಿರಿ. ಓದಲು ನಾವಿದ್ದೇವೆ.