ಆಟದ ಜಗಳ ಅಂಗಡಿ ಬಾಗಿಲಿಗೆ ಬಂದೀತು!

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಬಸ್ ನಿಲ್ದಾಣಕ್ಕೆ ಹೋದರೂ ಒಂದೇ ನೋಟ. ಬಸ್ಸಿಗೆ ಕಾಯುವ ಹುಡುಗರ ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಬಂದೂಕಿನ ಆಟ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಅಂದರೆ ಆರನೇ ಈಯತ್ತೆ ಹುಡುಗನಿಗೂ ಗೊತ್ತು. ಕೆಲವರು ಆಡಿ ಸುಮ್ಮನಾಗುವುದಿಲ್ಲ, ಆಡುವುದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಾರೆ. ಇದಕ್ಕೆ ಸ್ಟ್ರೀಮಿಂಗ್ ಅಂತ ಹೆಸರು. ನೋಡುವವರು ಹೆಚ್ಚಿದರೆ ನಾಲ್ಕು ಕಾಸು ಬಂದೀತೆಂಬ ಆಸೆಯೂ ಉಂಟು.

ಹಿರಿಯರಿಗೆ ಇದು ತಲೆಬುಡ ತಿಳಿಯದ ಸಂಗತಿ. ಹಾಗಾಗಿಯೇ ಈ ಆಟಗಾರರ ಮೇಲೆ ನಡೆಯುವ ದಾಳಿ, ಕಿರುಕುಳ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪಾಸ್‌ವರ್ಡ್ ಕದ್ದು ಚಾನೆಲ್ ಹಾರಿಸುವುದು, ಫೋನ್ ನಂಬರು, ಮನೆ ವಿಳಾಸವನ್ನು ಬಹಿರಂಗ ಮಾಡುವುದು, 'ಮನಿಗೆ ಬಂದ್ ಹೊಡಿತೀವಿ' ಅಂತ ಬೆದರಿಸುವುದು, ಆಡುತ್ತಿರುವುದು ಹುಡುಗಿ ಎಂದು ದನಿಯಿಂದ ಗೊತ್ತಾದರೆ ಬಾಯಿಗೆ ಬಂದಂತೆ ಹೊಲಸು ಮಾತಾಡುವುದು. ಮನೆಯವರ ಮುಂದೆ ಹೇಳಿಕೊಂಡರೆ ಸಿಗುವ ಉತ್ತರ ಒಂದೇ: 'ಯಾವನ್ ಆಡು ಅಂದಿದ್ದ? ಬಂದ್ ಮಾಡಿ ಇಡು.'

ಹೀಗೆ ಹೇಳಿ ಕೈತೊಳೆದುಕೊಳ್ಳುವುದು ಸರಿಯೇ? ಇದು ಹುಡುಗರ ಜಗಳ ಅಂತ ತಿಳಿದವರು ಮೋಸ ಹೋಗುತ್ತಿದ್ದಾರೆ. ಈ ಜಗಳ ಆಡದವರ ಬಾಗಿಲಿಗೂ ಬರುತ್ತದೆ. ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ.

ಮೊದಲು ಸರ್ವರ್ ದಾಳಿ ಅಂದರೇನು ನೋಡೋಣ. ಸವಣೂರಿನ ಎಲೆ ಅಂಗಡಿಯ ಲೆಕ್ಕದಲ್ಲೇ ಹೇಳಬಹುದು. ಆಗದವನೊಬ್ಬ ಐದುನೂರು ಜನಕ್ಕೆ ಕೂಲಿ ಕೊಟ್ಟು ಅಂಗಡಿ ಮುಂದೆ ನಿಲ್ಲಿಸುತ್ತಾನೆ ಅನ್ನಿ. ಅವರು 'ಎಲಿ ಹೆಂಗ್ರೀ?' ಅಂತ ಕೇಳುತ್ತಲೇ ಇರುತ್ತಾರೆ. ಕೊಳ್ಳುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ. ನಿಜವಾದ ಗಿರಾಕಿ ಒಳಗೆ ಬರಲಾಗದೆ ವಾಪಸ್ ಹೋಗುತ್ತಾನೆ. ಬೀಗ ಒಡೆದಿಲ್ಲ, ಗಲ್ಲಾ ಮುಟ್ಟಿಲ್ಲ, ಆದರೂ ವ್ಯಾಪಾರ ಬಂದ್. ಕಂಪ್ಯೂಟರಿನವರು ಇದಕ್ಕೆ 'ಡಿಡಾಸ್' ದಾಳಿ ಅನ್ನುತ್ತಾರೆ. ಆಟ ನಡೆಸುವ ಸರ್ವರ್ ಮೇಲೆ ಅಥವಾ ಆಡುವವನ ಮನೆಯ ಇಂಟರ್ನೆಟ್ ಮೇಲೆ ಇಂಥ ಸುಳ್ಳು ಗಿರಾಕಿಗಳನ್ನು ನುಗ್ಗಿಸಿ ಲೈನ್ ಕೆಡಿಸುತ್ತಾರೆ.

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ, ಬಾಡಿಗೆಗೆ ಸಿಗುತ್ತದೆ! ಯುರೋಪಿನ ಪೊಲೀಸರು 2018ರ ಏಪ್ರಿಲ್‌ನಲ್ಲಿ ಮುಚ್ಚಿಸಿದ 'ವೆಬ್‌ಸ್ಟ್ರೆಸ್ಸರ್' ಎಂಬ ತಾಣದಲ್ಲಿ ತಿಂಗಳಿಗೆ 15 ಯುರೋ ಕೊಟ್ಟರೆ ಸಾಕಿತ್ತು. 1 ಲಕ್ಷ 36 ಸಾವಿರ ಮಂದಿ ಅಲ್ಲಿ ಹೆಸರು ಹಚ್ಚಿದ್ದರು. ಅಲ್ಲಿಂದ ನಡೆದ ದಾಳಿಗಳು 40 ಲಕ್ಷ. 2022ರ ಡಿಸೆಂಬರ್‌ನಲ್ಲಿ ಅಮೆರಿಕದವರು ಇಂಥದೇ 48 ತಾಣಗಳಿಗೆ ಬೀಗ ಜಡಿದರು.

ಈಗ ಅಂಗಡಿಕಾರರು ಕಿವಿಗೊಡಬೇಕಾದ ಮಾತು. ಅಮೆರಿಕದಲ್ಲಿ ಪರಾಸ್ ಝಾ, ಜೊಸಾಯಾ ವೈಟ್, ಡಾಲ್ಟನ್ ನಾರ್ಮನ್ ಎಂಬ ಮೂವರು ಹುಡುಗರು 2016ರಲ್ಲಿ 'ಮಿರಾಯ್' ಎಂಬ ಪ್ರೋಗ್ರಾಂ ಕಟ್ಟಿದರು. ಮೂಲ ಜಗಳ 'ಮೈನ್‌ಕ್ರಾಫ್ಟ್' ಎಂಬ ಆಟದ ಸರ್ವರ್ ವ್ಯಾಪಾರದ್ದು. ಅವರು ಕೂಲಿಯಿಲ್ಲದೆ ದುಡಿಸಿಕೊಂಡ ಸುಳ್ಳು ಗಿರಾಕಿಗಳು ಯಾರು ಗೊತ್ತೇ? ಜನರ ಮನೆ, ಅಂಗಡಿಗಳ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ವೈ-ಫೈ ರೂಟರ್! ಕಂಪನಿಯವರು ಇಟ್ಟುಕೊಟ್ಟ 'ಅಡ್ಮಿನ್' ಥರದ ಪಾಸ್‌ವರ್ಡನ್ನು ಮಾಲೀಕರು ಬದಲಿಸಿರಲಿಲ್ಲ. ಇಂಥ 60ಕ್ಕೂ ಹೆಚ್ಚು ಪಾಸ್‌ವರ್ಡುಗಳ ಪಟ್ಟಿ ಹಿಡಿದು ಮಿರಾಯ್ ಮನೆಮನೆ ಬಾಗಿಲು ತಟ್ಟಿತು. ಲಕ್ಷಾಂತರ ಯಂತ್ರಗಳು ಅದರ ಕೈಸೇರಿದವು. ಅದರ ಗುಟ್ಟು ಬಯಲಾದ ಮೇಲೆ ಬೇರೆಯವರೂ ಎತ್ತಿಕೊಂಡರು. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳೇ ತಾಸುಗಟ್ಟಲೆ ಸಿಗದಂತಾದವು.

ಶಿಗ್ಗಾಂವಿಯ ಹೆದ್ದಾರಿ ಬದಿಯ ಖಾನಾವಳಿಯಿಂದ ಹಿಡಿದು ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿವರೆಗೆ ಈಗ ಕ್ಯಾಮೆರಾ ಸಾಮಾನ್ಯ. ಕ್ಯಾಮೆರಾ ಕೂಡಿಸಿ ಹೋದ ಹುಡುಗ ಯಾವ ಪಾಸ್‌ವರ್ಡ್ ಇಟ್ಟು ಹೋದ ಅಂತ ಎಷ್ಟು ಸಾಹುಕಾರರಿಗೆ ಗೊತ್ತಿದೆ? ಕಳ್ಳನನ್ನು ಹಿಡಿಯಲು ಹಾಕಿಸಿದ ಕ್ಯಾಮೆರಾ ಕಳ್ಳನ ಚಾಕರಿ ಮಾಡುತ್ತಿದ್ದರೂ ಮಾಲೀಕನಿಗೆ ಸುಳಿವು ಹತ್ತುವುದಿಲ್ಲ.

ಆಟದ ದಾಳಿ ಇಡೀ ಊರಿನ ಲೈನ್ ಕೆಡಿಸಿದ್ದೂ ಉಂಟು. ಯುರೋಪಿನಲ್ಲಿ ಅಂಡೋರಾ ಎಂಬ ಸುಮಾರು 80 ಸಾವಿರ ಜನರ ಪುಟ್ಟ ದೇಶವಿದೆ. ಇಂಟರ್ನೆಟ್ ಕೊಡುವ ಕಂಪನಿ ಅಲ್ಲಿ ಒಂದೇ. 2022ರ ಜನವರಿಯಲ್ಲಿ ಮೈನ್‌ಕ್ರಾಫ್ಟ್ ಪಂದ್ಯವೊಂದು ನಡೆದಾಗ ಅಲ್ಲಿಂದ ಆಡುತ್ತಿದ್ದ ಸ್ಟ್ರೀಮರುಗಳೇ ಗುರಿ ಎನ್ನಲಾದ ದಾಳಿ ಆ ಕಂಪನಿಯ ಮೇಲೆ ಬಿತ್ತು. ಆಟಗಾರರು ಪಂದ್ಯದಿಂದ ಹೊರಬಿದ್ದರು, ಜೊತೆಗೆ ದೇಶದ ಜನರ ಇಂಟರ್ನೆಟ್ಟೂ ಕೈಕೊಟ್ಟಿತು. ಒಬ್ಬನೇ ಕೇಬಲ್‌ನವನನ್ನು ನಂಬಿಕೊಂಡು ಇಡೀ ಓಣಿ ಫೋನ್‌ಪೇ ವ್ಯವಹಾರ ನಡೆಸುವ ಕಡೆ ಹೀಗಾದರೆ ಗತಿ ಏನು?

ಹಣ ಹೋದರೆ ದುಡಿಯಬಹುದು, ಜೀವ ಹೋದರೆ? 2017ರ ಡಿಸೆಂಬರ್ 28ರಂದು ಅಮೆರಿಕದ ವಿಚಿಟಾ ನಗರದಲ್ಲಿ ಆದದ್ದು ಇದೇ. 'ಕಾಲ್ ಆಫ್ ಡ್ಯೂಟಿ' ಆಟದಲ್ಲಿ ಒಂದೂವರೆ ಡಾಲರ್ ಬಾಜಿಗೆ ಇಬ್ಬರು ಜಗಳಾಡಿದರು. ಒಬ್ಬ ಇನ್ನೊಬ್ಬನಿಗೆ ಹಳೆಯ ವಿಳಾಸ ಕೊಟ್ಟು 'ಬಾ ನೋಡೋಣ' ಅಂದ. ಮೂರನೆಯವನು ಪೊಲೀಸರಿಗೆ ಫೋನ್ ಮಾಡಿ 'ಈ ಮನೆಯಲ್ಲಿ ಕೊಲೆಯಾಗಿದೆ' ಅಂತ ಸುಳ್ಳು ಹೇಳಿದ. ಏನು ಗಲಾಟೆಯೆಂದು ಬಾಗಿಲಿಗೆ ಬಂದ 28ರ ಆಂಡ್ರ್ಯೂ ಫಿಂಚ್ ಪೊಲೀಸರ ಗುಂಡಿಗೆ ಬಲಿಯಾದ. ಎರಡು ಮಕ್ಕಳ ತಂದೆ ಆತ, ಆ ಆಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಸುಳ್ಳು ಫೋನ್ ಮಾಡಿದ ಟೈಲರ್ ಬ್ಯಾರಿಸ್‌ಗೆ 2019ರಲ್ಲಿ 20 ವರ್ಷ ಜೈಲಾಯಿತು.

'ಅದು ಅಮೆರಿಕ ಬಿಡ್ರಿ' ಅನ್ನುವ ಹಾಗಿಲ್ಲ. 2020ರ ಜುಲೈನಲ್ಲಿ ದೇಶದ ಹೆಸರಾಂತ ಯೂಟ್ಯೂಬರ್ ಕ್ಯಾರಿಮಿನಾಟಿಯ ಆಟದ ಚಾನೆಲ್ಲನ್ನೇ ಕದ್ದು ಬಿಟ್‌ಕಾಯಿನ್ ಬೇಡಿದರು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ಲೇ ಕಳ್ಳರ ಕೈಗೆ ಸಿಕ್ಕಿತ್ತು. ಸುಪ್ರೀಂ ಕೋರ್ಟಿನ ಪಾಡೇ ಹೀಗಾದರೆ ಹಾನಗಲ್ಲಿನ ಹುಡುಗನ ಪಾಡೇನು?

ಕಾನೂನು ಇಲ್ಲವೇ? ಇದೆ. ಬೇರೆಯವರ ಕಂಪ್ಯೂಟರ್ ಸಂಪರ್ಕವನ್ನು ದುರುದ್ದೇಶದಿಂದ ತಡೆದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಕಲಮುಗಳ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪಾಸ್‌ವರ್ಡ್ ಕದ್ದು ಬಳಸಿದರೆ 66ಸಿ ಕಲಂ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣುಮಕ್ಕಳನ್ನು ಇಂಟರ್ನೆಟ್ಟಿನಲ್ಲಿ ಬೆನ್ನುಹತ್ತಿ ಕಾಡುವವರಿಗೆ 78ನೇ ಕಲಂ, ಹೆಸರು ಮರೆಸಿ ಬೆದರಿಸುವವರಿಗೆ 351ನೇ ಕಲಂ ಕಾದಿದೆ. ಆಡಿದ್ದೇ ತಪ್ಪು ಎಂಬ ವಾದವೂ ನಿಲ್ಲುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟುವ ಆಟಗಳನ್ನು ನಿಷೇಧಿಸಿದರೂ ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದೇ ಒಪ್ಪಿದೆ.

ತೊಡಕು ಇರುವುದು ಠಾಣೆಯ ಮೆಟ್ಟಿಲಲ್ಲಿ. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ 'ಹಾವೇರಿ ಸಿಇಎನ್ ಠಾಣೆಗೆ ಹೋಗ್ರಿ' ಅಂತ ಸಾಗಹಾಕುವುದು ಸುಲಭ. ಹಿರೇಕೆರೂರಿನ ಕಡೆಯ ಹಳ್ಳಿಯಿಂದ ಹಾವೇರಿಗೆ ಹೋಗಿಬಂದರೆ ತಂದೆಯ ಒಂದು ದಿನದ ಕೂಲಿ ಹೋಯಿತು. ಆದರೆ ತನಿಖೆ ಬೇರೆ, ದೂರು ಬರೆದುಕೊಳ್ಳುವುದು ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಇಂಥ ಅಪರಾಧ ಯಾವ ಹದ್ದಿನಲ್ಲೇ ನಡೆದಿರಲಿ, ಠಾಣೆಯವರು ದೂರು ಬರೆದುಕೊಳ್ಳಲೇಬೇಕು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಈ ಮಾತನ್ನು ನಾಲ್ಕೂ ತಾಲೂಕಿನ ಠಾಣೆಗಳಿಗೆ ಮತ್ತೊಮ್ಮೆ ಖಡಕ್ಕಾಗಿ ತಿಳಿಸಲಿ.

ಉಳಿದವರಿಗೂ ಕೆಲಸ ಇದೆ. ಅಂಗಡಿಕಾರರು ಈ ವಾರವೇ ಕ್ಯಾಮೆರಾ, ರೂಟರ್ ಹಾಕಿದವನನ್ನು ಕರೆಸಿ ಪಾಸ್‌ವರ್ಡ್ ಬದಲಿಸಲಿ. ತಂದೆ-ತಾಯಿ ಮಗನ ಮೊಬೈಲ್ ಕಸಿಯುವ ಮೊದಲು ಅವನ ಮಾತು ಕೇಳಲಿ. ಬೆದರಿಕೆಯ ಸಂದೇಶ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಅದೇ ಸಾಕ್ಷಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಲಿ, ಮಿಕ್ಕ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಕೊಡಬಹುದು.

ದಾಳಿ ಮಾಡುವ ಚಪಲದ ಹುಡುಗರಿಗೂ ಒಂದು ಮಾತು. ಮಿರಾಯ್ ಕಟ್ಟಿದ ಮೂವರಿಗೆ 2018ರಲ್ಲಿ 5 ವರ್ಷದ ಪ್ರೊಬೇಷನ್, 2,500 ತಾಸು ಸಮಾಜಸೇವೆ, 1 ಲಕ್ಷ 27 ಸಾವಿರ ಡಾಲರ್ ಪರಿಹಾರದ ಶಿಕ್ಷೆಯಾಯಿತು. ತಾನು ಓದುತ್ತಿದ್ದ ವಿಶ್ವವಿದ್ಯಾಲಯದ ಮೇಲೂ ದಾಳಿ ಮಾಡಿದ್ದ ಝಾ, ಅದಕ್ಕಾಗಿ ಬೇರೆ 86 ಲಕ್ಷ ಡಾಲರ್ ಕಟ್ಟಬೇಕೆಂದು ಇನ್ನೊಂದು ಕೋರ್ಟ್ ಹೇಳಿತು. ತಪ್ಪೊಪ್ಪಿಕೊಂಡಾಗ ಅವರ ವಯಸ್ಸು 20, 21. ಆಟ ಮುಗಿದು ಬಹಳ ದಿನವಾಗಿತ್ತು, ಸಾಲ ಮಾತ್ರ ಆಗ ಶುರುವಾಗಿತ್ತು.