ಹತ್ತಕ್ಕೆ ಪೂರ್ಣ ಟಿಕೆಟ್, ಹದಿನಾಲ್ಕರವರೆಗೆ ಕಾವಲು

ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಮೆರಿಕದ ವೀಸಾ ಸಂದರ್ಶನದಿಂದ ಸಿಗುತ್ತಿದ್ದ ವಿನಾಯಿತಿ 2025ರ ಸೆಪ್ಟೆಂಬರ್ 2ಕ್ಕೆ ಮುಗಿಯಿತು. ಅಂದಿನಿಂದ ಪ್ರವಾಸ ಪುಟಗಳಲ್ಲಿ, ಟ್ರಾವೆಲ್ ಏಜೆಂಟರ ಮಾತಿನಲ್ಲಿ ಒಂದೇ ಗೋಳು: ಸ್ಲಾಟ್ ಯಾವಾಗ, ಚೆನ್ನೈಯೋ ಹೈದರಾಬಾದೋ, ಶಾಲೆಗೆ ಎಷ್ಟು ದಿನ ಚಕ್ಕರ್. ಗೋಳೇನೂ ಸುಳ್ಳಲ್ಲ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಅದರ ಜೊತೆಗೆ ವೀಸಾ ಸೇವೆ ಬರಲಿಲ್ಲ. 185 ಡಾಲರ್ ವೀಸಾ ಶುಲ್ಕಕ್ಕೆ ಮಗು, ದೊಡ್ಡವರು ಎಂಬ ಭೇದವಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಅದರ ಮೇಲೆ ಇನ್ನೂ 250 ಡಾಲರ್ ಹೇರಲು ಹೇಳಿದೆ. ಅಲ್ಲೂ ವಯಸ್ಸಿನ ರಿಯಾಯಿತಿ ಇಲ್ಲ.

ಆದರೆ ಇಷ್ಟು ಪಾಡುಪಟ್ಟು ಕರೆದುಕೊಂಡು ಹೋದ ಹದಿಮೂರರ ಹುಡುಗಿಗೆ ಅಲ್ಲಿ ಏನು ಕೊಡುತ್ತೇವೆ ಎಂದು ಯಾರೂ ಕೇಳುತ್ತಿಲ್ಲ. ‘ನಾಲ್ಕು ರಾತ್ರಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ’ ಎಂಬ ಸಿದ್ಧ ಪ್ಯಾಕೇಜು ಬೇ ಏರಿಯಾದ ಕನ್ನಡ ಮನೆಗಳಿಗೂ ಗೊತ್ತು, ಅಲ್ಲಿಗೆ ರಜೆಗೆ ಬರುವ ಬೆಂಗಳೂರು, ಮೈಸೂರಿನ ನೆಂಟರಿಗೂ ಗೊತ್ತು. ಒಂದು ದಿನ ಡಿಸ್ನಿ, ಒಂದು ದಿನ ಯೂನಿವರ್ಸಲ್, ಒಂದು ದಿನ ಹಾಲಿವುಡ್ ಬೆಟ್ಟದ ಫಲಕದ ಮುಂದೆ ಫೋಟೊ, ಕೊನೆಗೆ ಸ್ಯಾನ್ ಡಿಯಾಗೊ ಮೃಗಾಲಯ ಮುಟ್ಟಿ ವಾಪಸ್. ಇದು ಆರು ವರ್ಷದ ಮಗುವಿಗಾಗಿ ಮಾಡಿದ ಪಟ್ಟಿ. ಮಗು ಬೆಳೆದಿದೆ, ಪಟ್ಟಿ ಬೆಳೆದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡರಿಂದ ಹದಿನಾಲ್ಕರ ಮಕ್ಕಳಿದ್ದು ಕೈಯಲ್ಲಿ ನಾಲ್ಕೈದು ದಿನವಷ್ಟೇ ಇದ್ದರೆ ಸ್ಯಾನ್ ಡಿಯಾಗೊದಲ್ಲೇ ಠಿಕಾಣಿ ಹೂಡಬೇಕು. ಲಾಸ್ ಏಂಜಲೀಸ್‌ಗೆ ರೈಲಿನಲ್ಲಿ ಹೋಗಿ ಒಂದು ದಿನ ಕಳೆದರೆ ಸಾಕು. ಅದೂ ಆಗದಿದ್ದರೆ ಬಿಟ್ಟುಬಿಡಬಹುದು. ಎರಡೂ ನಗರಗಳನ್ನು ಸಮಪಾಲು ಮಾಡಿಕೊಂಡ ಪ್ರವಾಸ ಮಕ್ಕಳ ಪಾಲಿಗೆ ಬರೀ ಕಾರಿನ ಹಿಂದಿನ ಸೀಟು.

ಹೀಗೆ ಹೇಳಲು ಕಾರಣ, ಟಿಕೆಟ್ ಕೌಂಟರಿನಲ್ಲಿ ಎಲ್ಲರ ಕಣ್ಣೆದುರೇ ಇದ್ದರೂ ಯಾರೂ ಓದದ ಒಂದು ಅಂಕಿ. ಅದು ವಯಸ್ಸಿನ ಗೆರೆ. ಡಿಸ್ನಿಲ್ಯಾಂಡ್‌ನಲ್ಲಿ ಮಕ್ಕಳ ಟಿಕೆಟ್ 3ರಿಂದ 9 ವರ್ಷದವರಿಗೆ ಮಾತ್ರ. ಹತ್ತಕ್ಕೆ ಮಗು ವಯಸ್ಕ. ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಹನ್ನೆರಡಕ್ಕೆ, ವಿಮಾನದಲ್ಲೂ ಹನ್ನೆರಡಕ್ಕೆ. ಆಮ್‌ಟ್ರಾಕ್ ರೈಲಿನಲ್ಲಿ, ಮಿಡ್‌ವೇ ಯುದ್ಧನೌಕೆಯ ಮ್ಯೂಸಿಯಂನಲ್ಲಿ ಹದಿಮೂರಕ್ಕೆ. ಇನ್ನು ಇದರ ಮಗ್ಗುಲಿಗೆ ಎರಡನೇ ಗೆರೆ ಇಟ್ಟು ನೋಡಿ. ಅದೇ ಡಿಸ್ನಿಲ್ಯಾಂಡ್‌ನಲ್ಲಿ ಹದಿನಾಲ್ಕು ತುಂಬದವರು ಒಬ್ಬರೇ ಒಳಗೆ ಹೋಗುವಂತಿಲ್ಲ, ಹದಿನಾಲ್ಕು ತುಂಬಿದ ಯಾರಾದರೂ ಜೊತೆಗಿರಬೇಕು. ಬ್ಯೂನಾ ಪಾರ್ಕ್‌ನ ನಾಟ್ಸ್ ಬೆರಿ ಫಾರ್ಮ್ ಇನ್ನೂ ಬಿಗಿ: ಹದಿನೈದು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ಜೊತೆ 21 ದಾಟಿದವರು ಬೇಕು. ಎರಡೂ ನಗರಗಳಲ್ಲಿ ಹದಿನೆಂಟರೊಳಗಿನವರಿಗೆ ರಾತ್ರಿ ಹತ್ತರ ನಂತರ ಕರ್ಫ್ಯೂ. ಲಾಸ್ ಏಂಜಲೀಸ್ ಬೀದಿಗಳಲ್ಲಿ ಓಡಾಡುವ ಚಾಲಕರಹಿತ ವೇಮೊ ಟ್ಯಾಕ್ಸಿಯಲ್ಲೂ ಮಕ್ಕಳು ಒಂಟಿಯಾಗಿ ಕೂರುವಂತಿಲ್ಲ.

ಹತ್ತರಿಂದ ಹದಿನಾಲ್ಕು. ದುಡ್ಡು ತೆಗೆದುಕೊಳ್ಳುವಾಗ ದೊಡ್ಡವರು, ಬಾಗಿಲಲ್ಲಿ ಚಿಕ್ಕವರು. ಈ ನಾಲ್ಕು ವರ್ಷಗಳ ಸಂದಿಯೇ ನಮ್ಮ ವಿಷಯ. ಕಾವಲು ತಪ್ಪು ಎಂದು ನಾನು ವಾದಿಸುತ್ತಿಲ್ಲ. ದುಡ್ಡಿನ ಮಾತೂ ಇದಲ್ಲ. ಡಿಸ್ನಿಯ ಒಂದು ದಿನದ ಟಿಕೆಟ್ ದಿನ ನೋಡಿಕೊಂಡು 104 ಡಾಲರ್‌ನಿಂದ 200 ಮೀರುವವರೆಗೂ ಇದೆ. ಮಕ್ಕಳ ದರಕ್ಕೂ ವಯಸ್ಕರ ದರಕ್ಕೂ ಅಂತರ ಕೆಲವೇ ಡಾಲರ್. ಪ್ರಶ್ನೆ ಇಷ್ಟೆ: ವಯಸ್ಕರ ದರ ಕೊಟ್ಟ ಹದಿಮೂರರ ಹುಡುಗನಿಗೆ ವಯಸ್ಕನಂತೆ ತಾನೇ ದಾರಿ ಆರಿಸಿಕೊಂಡು ಓಡಾಡಲು ಎಲ್ಲಿ ಸಾಧ್ಯ?

ಈ ಸಂದಿ ಹಿಂದಿನಿಂದಲೂ ಇದ್ದದ್ದಲ್ಲ. 1955ರಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡ್, ಒಂದೊಂದು ಆಟಕ್ಕೂ ಒಂದೊಂದು ಚೀಟಿ ಹರಿದುಕೊಡುವ ಟಿಕೆಟ್ ಪುಸ್ತಕಗಳ ಕಾಲದಲ್ಲಿ ಮಕ್ಕಳಿಗೂ ವಯಸ್ಕರಿಗೂ ನಡುವೆ ‘ಜೂನಿಯರ್’ ಎಂಬ ಪ್ರತ್ಯೇಕ ವರ್ಗ ಇಟ್ಟಿತ್ತು. ಹನ್ನೆರಡರಿಂದ ಹದಿನೇಳರವರೆಗಿನವರು ಆ ವರ್ಗಕ್ಕೆ ಸೇರುತ್ತಿದ್ದರು. 1982ರಲ್ಲಿ ಟಿಕೆಟ್ ಪುಸ್ತಕಗಳ ಪದ್ಧತಿ ಮುಗಿಯಿತು. ಇಂದಿನ ದರಪಟ್ಟಿಯಲ್ಲಿ ಆ ನಡುವಿನ ಸಾಲು ಕಾಣುವುದಿಲ್ಲ. ಹದಿಹರೆಯವೆಂಬುದು ಬೇರೆಯೇ ಒಂದು ಅವಸ್ಥೆ ಎಂದು ವ್ಯಾಪಾರಕ್ಕೆ ಕೂತವರೇ ಒಮ್ಮೆ ಒಪ್ಪಿದ್ದರು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ವರ್ಗವನ್ನು ಇವತ್ತಿಗೂ ಉಳಿಸಿಕೊಂಡಿರುವ ದೊಡ್ಡ ಹಬ್ಬ ಸ್ಯಾನ್ ಡಿಯಾಗೊದಲ್ಲೇ ಇದೆ. 1970ರಿಂದ ನಡೆಯುತ್ತಿರುವ ಕಾಮಿಕ್-ಕಾನ್‌ನಲ್ಲಿ 13ರಿಂದ 17 ವರ್ಷದವರಿಗೆ ರಿಯಾಯಿತಿ ದರದ ಜೂನಿಯರ್ ಬ್ಯಾಡ್ಜ್ ಸಿಗುತ್ತದೆ. ಅದು ಜುಲೈನಲ್ಲಿ ನಡೆಯುವುದರಿಂದ ಆ ವಾರ ಹೋಟೆಲ್ ದರ ಮುಟ್ಟುವಂತಿರುವುದಿಲ್ಲ, ಅದು ಬೇರೆ ಮಾತು.

ಹೋಟೆಲ್ ಎಂದಾಗ ಹೇಳಲೇಬೇಕು. ಸ್ಯಾನ್ ಡಿಯಾಗೊ ನಗರಾಡಳಿತ 2025ರ ಮೇ 1ರಿಂದ ಕೊಠಡಿ ತೆರಿಗೆಯನ್ನು ಶೇ 10.5ರಿಂದ, ಬಡಾವಣೆ ನೋಡಿಕೊಂಡು, ಶೇ 11.75ರಿಂದ 13.75ರವರೆಗೆ ಏರಿಸಿದೆ. 2026ರ ಜನವರಿಯಿಂದ, ಮೃಗಾಲಯವೂ ಇರುವ ಬಾಲ್ಬೋವಾ ಪಾರ್ಕ್‌ನಲ್ಲಿ ಪಾರ್ಕಿಂಗ್‌ಗೂ ಶುಲ್ಕ ಬಂದಿದೆ. ಇದನ್ನು ಮುಂದಿಟ್ಟುಕೊಂಡು ‘ಸ್ಯಾನ್ ಡಿಯಾಗೊ ಇನ್ನು ಅಗ್ಗವಲ್ಲ’ ಎಂದು ಬರೆಯುವವರು ಕಾರು ಬಾಡಿಗೆಗೆ ಪಡೆದೇ ಹೋಗಬೇಕು ಎಂದು ಮೊದಲೇ ನಿರ್ಧರಿಸಿಬಿಟ್ಟಿದ್ದಾರೆ. ಪಾರ್ಕಿಂಗ್ ಶುಲ್ಕ ಬೀಳುವುದು ಕಾರಿಗೆ. ಟ್ರಾಲಿಯಲ್ಲಿ, ಬಸ್ಸಿನಲ್ಲಿ ಬಂದವರನ್ನು ಅದು ಮುಟ್ಟುವುದಿಲ್ಲ.

ಅಲ್ಲಿನವರು ಟ್ರಾಲಿ ಎಂದು ಕರೆಯುವ ಕೆಂಪು ರೈಲು 1981ರ ಜುಲೈನಲ್ಲಿ ಶುರುವಾಯಿತು. 2021ರ ನವೆಂಬರ್‌ನಲ್ಲಿ ಅದರ ನೀಲಿ ಮಾರ್ಗ ಉತ್ತರಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರೆಗೆ ಬೆಳೆಯಿತು. ದಕ್ಷಿಣದ ತುದಿ ಮೆಕ್ಸಿಕೊ ಗಡಿಯ ಸ್ಯಾನ್ ಇಸಿಡ್ರೊ. 2022ರ ಮೇನಲ್ಲಿ ಬಂದ ಯುವಜನ ಪಾಸ್ ಯೋಜನೆಯಡಿ ಹದಿನೆಂಟರವರೆಗಿನವರು ಪ್ರೊಂಟೊ ಕಾರ್ಡ್ ತೋರಿಸಿ ಉಚಿತವಾಗಿ ಓಡಾಡತೊಡಗಿದರು. ಅದನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬಂದಿದ್ದಾರೆ. ಹೊರಡುವ ಮೊದಲು ಅದು ಮುಂದುವರಿದಿದೆಯೇ, ಹೊರಗಿನಿಂದ ಬಂದವರಿಗೂ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಸಿಗದಿದ್ದರೂ ನನ್ನ ವಾದಕ್ಕೆ ಧಕ್ಕೆಯಿಲ್ಲ. ಟಿಕೆಟ್ ಕೊಂಡರೂ ಆ ರೈಲಿನಲ್ಲಿ ಹದಿಮೂರರ ಮಗು ಮುಂದೆ ನಿಂತು ದಾರಿ ತೋರಿಸಬಹುದು. ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂರಬಹುದು.

ಒಂದು ಬೆಳಗನ್ನು ಹತ್ತಿರದಿಂದ ನೋಡೋಣ. 1915ರ ಪನಾಮ–ಕ್ಯಾಲಿಫೋರ್ನಿಯಾ ವಸ್ತುಪ್ರದರ್ಶನದ ಹೊತ್ತಿಗೆ ಕಟ್ಟಿದ ಸಾಂತಾ ಫೆ ರೈಲು ನಿಲ್ದಾಣದ ಮುಂದೆಯೇ ಟ್ರಾಲಿ ನಿಲ್ಲುತ್ತದೆ. ಅಲ್ಲಿಂದ ಕಡಲ ಕಡೆಗೆ ನಡೆದರೆ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಹಾಯಿ ಹಡಗು. 1863ರಲ್ಲಿ ಐಲ್ ಆಫ್ ಮ್ಯಾನ್‌ನಲ್ಲಿ ‘ಯೂಟರ್ಪಿ’ ಎಂಬ ಹೆಸರಿನಿಂದ ನೀರಿಗಿಳಿದ ಕಬ್ಬಿಣದ ಹಡಗು ಅದು. ಅದರ ಮೊದಮೊದಲ ಯಾನಗಳು ಕಲ್ಕತ್ತೆಗೆ. 1865ರಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಸಿಕ್ಕಾಗ ಪಟಗಂಬಗಳನ್ನು ಕಡಿದುಹಾಕಿ ಬಚಾವಾಯಿತು. ಇನ್ನಷ್ಟು ನಡೆದರೆ 1945ರಲ್ಲಿ ಸೇವೆಗೆ ಸೇರಿದ ಮಿಡ್‌ವೇ ವಿಮಾನವಾಹಕ ನೌಕೆ. ಪಕ್ಕದ ಕಟ್ಟೆಯಿಂದ ಕೊರೊನಾಡೊ ದಡಕ್ಕೆ ದೋಣಿ. ಇವೆಲ್ಲ ಕಾಲ್ನಡಿಗೆಯ ದೂರದಲ್ಲಿವೆ. ಹದಿಮೂರರ ಇಬ್ಬರು ಮಕ್ಕಳು ಒಂದು ಗಂಟೆ ತಾವೇ ಹಡಗು ನೋಡಿ, ದೊಡ್ಡವರು ಕೂತ ಬೆಂಚಿಗೆ ಹೇಳಿದ ಹೊತ್ತಿಗೆ ಮರಳಬಹುದು. ನಾನು ಬೇಡುವ ಸ್ವಾತಂತ್ರ್ಯ ಅಷ್ಟೇ. ಒಂದು ಗಂಟೆ, ಒಂದು ಬೆಂಚು, ಒಂದು ಮಾತು.

ಊರ ಮಧ್ಯದಿಂದ 7ನೇ ನಂಬರಿನ ಬಸ್ಸು ಬಾಲ್ಬೋವಾ ಪಾರ್ಕ್‌ಗೆ ಹೋಗುತ್ತದೆ. ಸುಮಾರು 1,200 ಎಕರೆಯ ಈ ಉದ್ಯಾನದಲ್ಲಿ ಎಲ್ಲರೂ ಮೃಗಾಲಯಕ್ಕೇ ಓಡುತ್ತಾರೆ. ಮೃಗಾಲಯ ಚೆನ್ನಾಗಿದೆ, 1915ರ ಪ್ರದರ್ಶನ ಮುಗಿದಾಗ ಉಳಿದ ಪ್ರಾಣಿಗಳಿಂದಲೇ ಹುಟ್ಟಿದ ಅದರ ಚರಿತ್ರೆಯೂ ಚೆನ್ನಾಗಿದೆ. ಆದರೆ ಅದೇ ಉದ್ಯಾನದ ಕಲಾ ಮ್ಯೂಸಿಯಂನಲ್ಲಿ ಎಡ್ವಿನ್ ಬಿನ್ನಿ ಸಂಗ್ರಹದ 1,400ಕ್ಕೂ ಹೆಚ್ಚು ಭಾರತೀಯ ಚಿತ್ರಗಳಿವೆ, ದಖನ್ನಿನವೂ ಸೇರಿ. ಬಿಜಾಪುರ ಪಠ್ಯಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಮಕ್ಕಳಿಗೆ ಇಂಥ ಸಂಗ್ರಹ ಸ್ಯಾನ್ ಡಿಯಾಗೊದಲ್ಲಿ ಇದೆಯೆಂದು ತಿಳಿದರೆ ಸಾಕು, ಪ್ರಶ್ನೆಗಳು ತಾವಾಗಿ ಬರುತ್ತವೆ.

ಲಾಸ್ ಏಂಜಲೀಸ್ ಪರ ವಾದಿಸುವವರು ಏನೆನ್ನುತ್ತಾರೆ ಎಂದು ಗೊತ್ತು. 1935ರ ಗ್ರಿಫಿತ್ ವೀಕ್ಷಣಾಲಯಕ್ಕೆ ಪ್ರವೇಶ ಉಚಿತ, ಗೆಟಿ ಮ್ಯೂಸಿಯಂ ಉಚಿತ, ಎಕ್ಸ್‌ಪೊಸಿಷನ್ ಪಾರ್ಕ್‌ನ ವಿಜ್ಞಾನ ಕೇಂದ್ರ ಉಚಿತ, ಪಸಾಡಿನಾದ ನಾರ್ಟನ್ ಸೈಮನ್ ಮ್ಯೂಸಿಯಂನಲ್ಲಿ ಹದಿನೆಂಟರವರೆಗೆ ಉಚಿತ. ಎಲ್ಲ ನಿಜ. 1.75 ಡಾಲರ್‌ಗೆ ಮೆಟ್ರೊ ಕೂಡ ಇದೆ. ಆದರೆ ಆ ಕೌಂಟಿಯಲ್ಲಿ 88 ನಗರಗಳಿವೆ, ಸುಮಾರು ಒಂದು ಕೋಟಿ ಜನರಿದ್ದಾರೆ. ಮೇಲೆ ಹೇಳಿದವುಗಳಲ್ಲಿ ಯಾವುದಾದರೂ ಎರಡು ಜಾಗಗಳ ನಡುವೆಯೇ ಅರ್ಧ ದಿನ ಕರಗಿಹೋಗುತ್ತದೆ. ಅಲ್ಲಿಗೆ ಒಂದು ವಾರ ಇಟ್ಟುಕೊಂಡು ಹೋಗುವವರ ಮಾತು ಬೇರೆ. ನಾಲ್ಕು ದಿನದವರಿಗೆ ನಾನು ಹೇಳುವುದು ಒಂದು ದಿನ, ಒಂದೇ ಮಾರ್ಗ. ಪೆಸಿಫಿಕ್ ಸರ್ಫ್‌ಲೈನರ್ ರೈಲು 128 ಮೈಲಿಯನ್ನು ಸುಮಾರು ಮೂರು ಗಂಟೆಯಲ್ಲಿ ಕ್ರಮಿಸಿ 1939ರ ಯೂನಿಯನ್ ಸ್ಟೇಷನ್‌ಗೆ ಬಿಡುತ್ತದೆ. ಅಲ್ಲಿಂದ ಮೆಟ್ರೊದಲ್ಲಿ ವಿಜ್ಞಾನ ಕೇಂದ್ರ, ಅದರ ಬಳಿ ಹಾದುಹೋಗುವ ಮೆಟ್ರೊದ ಇ ಮಾರ್ಗದ ಕೊನೆಯಲ್ಲಿ ಸಾಂತಾ ಮೋನಿಕಾ ಕಡಲು. ಸ್ಯಾನ್ ಕ್ಲೆಮೆಂಟೆ ಬಳಿ ಗುಡ್ಡ ಕುಸಿದು ಹಳಿ ಮುಚ್ಚಿದ್ದು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಆಗಿದೆ. ಹಿಂದಿನ ದಿನ ವಿಚಾರಿಸಿಕೊಳ್ಳಿ.

‘ಗೊತ್ತಿಲ್ಲದ ದೇಶದಲ್ಲಿ ಮಕ್ಕಳನ್ನು ಕೈಬಿಡುವುದೇ?’ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಬೆಂಗಳೂರಿನಲ್ಲಿ ನಮ್ಮ ಮೆಟ್ರೊ ಹತ್ತಿ ಟ್ಯೂಷನ್‌ಗೆ ಹೋಗುವ ಎಂಟನೇ ತರಗತಿಯ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರಿಗೆ ನಿಲ್ದಾಣದ ಹೆಸರು ಓದಲು ಬರುತ್ತದೆ, ಕಾರ್ಡ್ ಒತ್ತಲು ಬರುತ್ತದೆ. ಸ್ವಂತ ಊರಿನಲ್ಲಿ ಅವರಿಗೆ ಕೊಟ್ಟ ವಿಶ್ವಾಸವನ್ನು ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಕರೆದುಕೊಂಡು ಹೋದ ಊರಿನಲ್ಲಿ ಕಿತ್ತುಕೊಳ್ಳುತ್ತೇವೆ. ಆಮೇಲೆ ‘ಫೋನಿನಿಂದ ತಲೆ ಎತ್ತುವುದೇ ಇಲ್ಲ’ ಎಂದು ಅವರನ್ನೇ ದೂರುತ್ತೇವೆ. ತಲೆ ಎತ್ತಿದರೆ ಕಾಣುವುದು ಫ್ರೀವೇ ಮಾತ್ರವಾದರೆ ಅವರಾದರೂ ಏಕೆ ಎತ್ತಬೇಕು?

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಸಂಘಗಳು ಈ ಕೆಲಸದಲ್ಲಿ ಕೈಜೋಡಿಸಬೇಕೆಂದು ಕೇಳುತ್ತೇನೆ. ಬರುವ ನೆಂಟರಿಗೆ ಮಾಲಿಬು ದೇವಸ್ಥಾನ ತೋರಿಸಿ, ಮನೆಯಲ್ಲಿ ಬಿಸಿಬೇಳೆ ಬಾತ್ ಬಡಿಸಿ ಡಿಸ್ನಿಗೆ ಕಾರಿನಲ್ಲಿ ಬಿಡುವ ಅವರ ಪ್ರೀತಿ ದೊಡ್ಡದು. ಅದರ ಜೊತೆಗೆ ಅಲ್ಲೇ ಬೆಳೆದ ತಮ್ಮ ಹದಿನೈದರ ಮಕ್ಕಳನ್ನು ಬಂದ ಹದಿಮೂರರವರ ಜೊತೆ ಟ್ರಾಲಿ ಹತ್ತಿಸಲಿ. ಇದಕ್ಕೆ ಕಾಲ ಹತ್ತಿರ ಬರುತ್ತಿದೆ. 2028ರ ಜುಲೈನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. 1900ರ ನಂತರ ಮೊದಲ ಬಾರಿ ಒಲಿಂಪಿಕ್ಸ್‌ಗೆ ಮರಳುವ ಕ್ರಿಕೆಟ್ ನಡೆಯುವುದು ಪೊಮೊನಾದ ಫೇರ್‌ಪ್ಲೆಕ್ಸ್‌ನಲ್ಲಿ. ಕರ್ನಾಟಕದಿಂದ ಎಷ್ಟು ಮನೆಗಳು ಮಕ್ಕಳೊಂದಿಗೆ ಹೊರಡುತ್ತವೆ ಎಂದು ಊಹಿಸುವುದು ಕಷ್ಟವಲ್ಲ. ವೀಸಾ ಕಡತದ ಜೊತೆಗೇ ಆ ಊರಿನ ರೈಲು ನಕ್ಷೆಯನ್ನೂ ಮಗುವಿನ ಕೈಗೆ ಕೊಡಿ. ಲಾಸ್ ಏಂಜಲೀಸ್ ಮೆಟ್ರೊದ ಎ ಮಾರ್ಗ 2025ರ ಸೆಪ್ಟೆಂಬರ್‌ನಲ್ಲೇ ಪೊಮೊನಾ ಮುಟ್ಟಿದೆ, ದಾರಿಯಲ್ಲಿ ಫೇರ್‌ಪ್ಲೆಕ್ಸ್ ಹೆಸರು ಹೊತ್ತ ನಿಲ್ದಾಣವೂ ಇದೆ.