ಮನೆಯೊಳಗಿನ ಉಣ್ಣಿಗೆ ಹತ್ತಿ ಎಣ್ಣಿ ಹೊಡಿಬ್ಯಾಡ್ರಿ

ಮಳೆಗಾಲ ಶುರುವಾದರೆ ನನ್ನ ಮೊಬೈಲಿಗೆ ಎರಡು ಥರದ ಫೋಟೊ ಬರುತ್ತವೆ. ಒಂದು, ಮುರುಟಿದ ಮೆಣಸಿನ ಗಿಡದ ಎಲೆ. ಇನ್ನೊಂದು, ಮನೆ ಗೋಡೆ ಹತ್ತುತ್ತಿರುವ ಉಣ್ಣಿ. ಎರಡಕ್ಕೂ ಪ್ರಶ್ನೆ ಒಂದೇ: "ಅಣ್ಣಾ, ಯಾವ ಎಣ್ಣಿ ಹೊಡಿಬೇಕು?" ಮೆಣಸಿನ ಎಲೆಗೆ ನನಗೆ ತಿಳಿದಿದ್ದು ಹೇಳುತ್ತೇನೆ. ಉಣ್ಣಿ ಫೋಟೊ ಕಳಿಸಿದವರಿಗೆ ಮಾತ್ರ ತಿರುಗಿ ಕೇಳುತ್ತೇನೆ: "ಮನಿಯಾಗ ನಾಯಿ ಅದ ಏನು? ಎಲ್ಲಿ ಮಲಗತದ?"

ಈ ಪ್ರಶ್ನೆ ನಾನು ತೋಟಗಾರಿಕೆ ಕಾಲೇಜಿನಲ್ಲಿ ಕಲಿತಿದ್ದಲ್ಲ. ನಮ್ಮ ಮನೆಯಲ್ಲೇ, ತಪ್ಪು ಮಾಡಿ ಕಲಿತಿದ್ದು.

ಶಹಾಪುರ ತಾಲ್ಲೂಕಿನ ನಮ್ಮ ಮನೆ ಹಳೆ ಕಾಲದ್ದು. ಕಲ್ಲು-ಮಣ್ಣಿನ ಗೋಡೆ, ಜಂತಿ ಹಾಕಿದ ಮಾಳಿಗೆ, ಕೆಳಗೆ ಶಹಾಬಾದಿ ಪರಸಿ. ಬಾಗಿಲು ದಾಟಿದರೆ ಒಂದು ಕಡೆ ಎತ್ತಿನ ಗ್ವಾದಲಿ, ಇನ್ನೊಂದು ಕಡೆ ಪಡಸಾಲಿ. ಯಾದಗಿರಿ, ಸುರಪುರ ಕಡೆಯ ಹಳ್ಳಿಗಳಲ್ಲಿ ನಿಮ್ಮಲ್ಲಿ ಬಹಳ ಮಂದಿಯ ಮನೆ ಹೀಗೇ ಇರುತ್ತದೆ. ಎರಡು ವರ್ಷದ ಹಿಂದೆ ಅವ್ವ ಕೌದಿ ಮಡಿಚುವಾಗ ಒಂದು ಉಣ್ಣಿ ಸಿಕ್ಕಿತು. ವಾರದೊಳಗೆ ಕ್ಯಾಲೆಂಡರ್ ಹಿಂದೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಜಂತಿಯ ಮೂಲೆಯಲ್ಲಿ ಎಲ್ಲಾ ಕಡೆ ಕಾಣಿಸಿದವು. "ಎತ್ತಿನವು, ಮತ್ತೆಲ್ಲಿಂದ ಬರತಾವ" ಅಂದ ಅಪ್ಪ. ನಾನೂ ಹೂಂ ಅಂದೆ.

ನಾನು ಸಾವಯವದವನು. ಬೇವಿನ ಎಣ್ಣೆಗೆ ಸೋಪಿನ ನೀರು ಕಲಸಿ ಮೂರು ವಾರ ಗೋಡೆಗೆಲ್ಲ ಹೊಡೆದೆ. ಮನೆ ತುಂಬ ಬೇವಿನ ವಾಸನೆ, ಉಣ್ಣಿ ಮಾತ್ರ ಹಾಗೇ. ಅಪ್ಪನಿಗೆ ಸಾಕಾಯಿತು. ನಾನು ಸಂತೆಗೆ ಹೋದ ದಿನ, ಹತ್ತಿಗೆ ಹೊಡೆದು ಉಳಿದಿದ್ದ ಎಣ್ಣಿಯನ್ನು ಪಂಪಿಗೆ ಹಾಕಿ ಒಳಮನೆಗೆ ಹೊಡೆದುಬಿಟ್ಟ. ಸಂಜೆ ನೆಲ ಒಣಗಿತ್ತು. ನನ್ನ ಮೂರು ವರ್ಷದ ಮಗಳು ಅದೇ ನೆಲದ ಮೇಲೆ ಆಡಿ ಮಲಗಿದಳು. ರಾತ್ರಿ ವಾಂತಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮಗು ಉಳಿದಳು. ಉಣ್ಣಿ ತಿಂಗಳೊಳಗೆ ಮತ್ತೆ ಬಂದವು.

ಆ ರಾತ್ರಿ ಅಪ್ಪನ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ತಪ್ಪು ಇಬ್ಬರದೂ. ಅವನು ವಿಷ ಹೊಡೆದ, ನಾನು ಬೇವು ಹೊಡೆದೆ. ಉಣ್ಣಿ ಯಾರದು ಅಂತ ಇಬ್ಬರೂ ಕೇಳಲಿಲ್ಲ.

ಕೇಳಿದವರು ದನದ ಡಾಕ್ಟರ್. ಎತ್ತಿಗೆ ಸೂಜಿ ಮಾಡಲು ಬಂದಾಗ ಬೆಂಕಿಪೊಟ್ಟಣದಲ್ಲಿ ಹಿಡಿದಿಟ್ಟ ಉಣ್ಣಿ ತೋರಿಸಿದೆ. ಅವರು ಪೊಟ್ಟಣ ನೋಡುವ ಮೊದಲು ಪಡಸಾಲಿ ನೋಡಿದರು. ಕ್ಯಾಲೆಂಡರ್ ಕೆಳಗೆ ನಮ್ಮ ನಾಯಿ ಮಲಗಿತ್ತು. ಅದರ ಕಿವಿ ಮಗುಚಿದರು, ಕಾಲ್ಬೆರಳ ಸಂದಿ ಬಿಡಿಸಿದರು. ತುಂಬಿ ತುಳುಕುತ್ತಿದ್ದವು.

ಉಣ್ಣಿ ಅಂದರೆ ಎಲ್ಲಾ ಒಂದೇ ಅಂತ ನಾವು ತಿಳಿದಿದ್ದೇವೆ. ಹಾಗಿಲ್ಲ. ದನದ ಮೈಮೇಲೆ ಹೆಚ್ಚು ಕಾಣುವ ಉಣ್ಣಿ ಮರಿಯಾಗಿ ಹತ್ತಿದರೆ ಸುಮಾರು ಮೂರು ವಾರ ಅದೇ ದನದ ಮೇಲೆ ಬೆಳೆಯುತ್ತದೆ. ಹೆಣ್ಣು ರಕ್ತ ಕುಡಿದು ಉಬ್ಬಿದ ಮೇಲೆ ಉದುರಿ, ಗ್ವಾದಲಿ ಸಂದಿಯಲ್ಲೋ ಸಗಣಿ-ಮೇವಿನ ಕೆಳಗೋ 2,000ಕ್ಕೂ ಹೆಚ್ಚು ಮೊಟ್ಟೆ ಇಟ್ಟು ಸಾಯುತ್ತದೆ. ಅದು ಮಲಗುವ ಕೋಣೆಯ ಜಂತಿ ಹತ್ತುವುದು ಅಪರೂಪ. ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಅಡಗುವ ಇನ್ನೊಂದು ಜಾತಿ ಇದೆ. ಕಾಲಿಗೆ ಪಟ್ಟೆ ಇರುತ್ತವೆ, ನೆಲದ ಮೇಲೆ ಚುರುಕಾಗಿ ಓಡುತ್ತದೆ.

ನಾಯಿಯ ಕಂದು ಉಣ್ಣಿಯ ಲೆಕ್ಕವೇ ಬೇರೆ. ಮರಿ, ನಡುವಯಸ್ಸು, ದೊಡ್ಡದು, ಹೀಗೆ ಮೂರು ಹಂತದಲ್ಲೂ ರಕ್ತ ಕುಡಿದು ಪ್ರತಿ ಸಲ ನಾಯಿಯಿಂದ ಇಳಿಯುತ್ತದೆ. ಇಳಿದದ್ದು ಗೋಡೆ ಹತ್ತಿ ಬಿರುಕಿನಲ್ಲಿ, ಫೋಟೊ ಹಿಂದೆ, ಹೊರಸಿನ ಹುರಿಯಲ್ಲಿ ಅಡಗುತ್ತದೆ. ಒಂದು ಹೆಣ್ಣು 4,000ದವರೆಗೆ ಮೊಟ್ಟೆ ಇಡಬಲ್ಲದು. ಹೊರಗೆ ಹೋಗದೇ ಮನೆಯೊಳಗೇ ಸಂಸಾರ ಮಾಡುವ ಉಣ್ಣಿ ಇದು. ಏನೂ ಕುಡಿಯದೆ ತಿಂಗಳುಗಟ್ಟಲೆ ಬದುಕುತ್ತದೆ. ಅದಕ್ಕೇ ನಾಯಿಯನ್ನು ಊರ ಹೊರಗೆ ಬಿಟ್ಟು ಬಂದರೆ ಮುಗೀತು ಅನ್ನುವುದೂ ತಪ್ಪು. ನಾಯಿ ಇಲ್ಲದಿದ್ದರೆ ಹಸಿದ ಉಣ್ಣಿ ಮನುಷ್ಯರನ್ನೇ ಹುಡುಕುತ್ತವೆ.

ಮೂರನೆಯದು ಕೋಳಿಯ ಉಣ್ಣಿ. ಗೋಡೆಗೆ ಹೊಂದಿಸಿ ಕೋಳಿ ಗೂಡು ಇದ್ದರೆ ಹಗಲು ಗೂಡಿನ ಬಿರುಕಿನಲ್ಲಿ ಅಡಗಿ ರಾತ್ರಿ ಬಂದು ಕಚ್ಚುತ್ತದೆ. ಚಪ್ಪಟೆ, ತೊಗಲಿನಂಥ ಮೈ.

ಹಾಗಾಗಿ ಔಷಧಿ ಅಂಗಡಿಗೆ ಹೋಗುವ ಮೊದಲು ಟಾರ್ಚ್ ಹಿಡಿದು ಮನೆ ಸುತ್ತಿರಿ. ಉಣ್ಣಿ ಗೋಡೆಯ ಮೇಲ್ಭಾಗದಲ್ಲಿದ್ದರೆ ಮೊದಲು ನಾಯಿ ನೋಡಿ. ಗ್ವಾದಲಿ ಸುತ್ತ ಮಾತ್ರ ಇದ್ದರೆ ದನದ ಕೆಚ್ಚಲು, ಬಾಲದ ಬುಡ, ಕಿವಿ ನೋಡಿ. ರಾತ್ರಿ ಮಾತ್ರ ಕಚ್ಚುತ್ತಿದ್ದರೆ ಕೋಳಿ ಗೂಡು ನೋಡಿ. ಉಬ್ಬಿದ ಉಣ್ಣಿ ಸಣ್ಣ ಔಡಲ ಬೀಜದ ಹಾಗೆ ಇರುತ್ತದೆ. ಔಡಲದ ವೈಜ್ಞಾನಿಕ ಹೆಸರು ರಿಸಿನಸ್, ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥವೇ ಉಣ್ಣಿ.

ಈಗ ಹತ್ತಿ ಎಣ್ಣಿಯ ಮಾತು. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ವಿಷಗಳು ಹುಳದ ನರ ಕೆಡಿಸಿ ಕೊಲ್ಲುತ್ತವೆ. ನಮ್ಮ ನರವೂ ಅದೇ ರೀತಿ ಕೆಲಸ ಮಾಡುತ್ತದೆ. ಹೊಲದಲ್ಲಿ ಬಿಸಿಲು, ಗಾಳಿ, ಮಳೆ ಸೇರಿ ವಿಷವನ್ನು ಒಡೆಯುತ್ತವೆ. ಕಿಟಕಿ ಇಲ್ಲದ ಒಳಮನೆಯಲ್ಲಿ ಒಡೆಯುವವರು ಯಾರು? ಪರಸಿ ಮೇಲೆ, ಕೌದಿ ಮೇಲೆ ಹಾಗೇ ಕೂತಿರುತ್ತದೆ. ದೊಡ್ಡವರು ಚಪ್ಪಲಿ ಹಾಕಿ ಓಡಾಡುತ್ತೇವೆ. ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ಮನೆಯಲ್ಲಿ ಹುಳ ಕೊಲ್ಲಲು ಹಿಂದೆ ಬಹಳ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ ಅನ್ನು ಕೇಂದ್ರ ಸರ್ಕಾರ 2018ರ ಆದೇಶದಲ್ಲಿ ಸೇರಿಸಿ, 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಮನೆಯ ಮೂಲೆಯಲ್ಲಿ ಹಳೆ ಬಾಟಲಿ ಇದ್ದರೆ ಅದನ್ನೂ ಮುಟ್ಟಬೇಡಿ. ಇಷ್ಟೆಲ್ಲ ಮಾಡಿದರೂ ಬಿರುಕಿನ ಒಳಗಿನ ಮೊಟ್ಟೆಗೆ ಎಣ್ಣಿ ತಲುಪುವುದಿಲ್ಲ. ಅಪಾಯ ಪೂರ್ತಿ ನಮಗೆ, ಕೆಲಸ ಅರ್ಧಂಬರ್ಧ.

ಇದೇ ಎಣ್ಣಿಯನ್ನು ನಾಯಿಗೆ, ಎಮ್ಮೆಗೆ ಸವರುವವರೂ ಇದ್ದಾರೆ. ದಯವಿಟ್ಟು ಬೇಡ. ಪ್ರಾಣಿ ನೆಕ್ಕಿಕೊಂಡು ಸಾಯುತ್ತದೆ, ಹಾಲಿನಲ್ಲಿ ವಿಷ ಬರುತ್ತದೆ.

ಸಾವಯವದ ಗೆಳೆಯರಿಗೂ ಒಂದು ಮಾತು, ನಿಮಗೆ ಸಿಟ್ಟು ಬಂದರೂ ಹೇಳುತ್ತೇನೆ. ಬೇವು ಒಳ್ಳೆಯದು. ನನ್ನ ತೋಟದಲ್ಲಿ ಬೇವಿಲ್ಲದೆ ದಿನ ನಡೆಯುವುದಿಲ್ಲ. ಆದರೆ ಮನೆ ಹೊಕ್ಕ ಉಣ್ಣಿಗೆ ಬೇವೊಂದೇ ಸಾಲುವುದಿಲ್ಲ. ಸಾವಯವ ಪ್ರಮಾಣೀಕರಣದ ನಿಯಮಗಳೇ, ಬೇರೆ ದಾರಿ ಇಲ್ಲದಾಗ ಪಶುವೈದ್ಯರು ಬರೆದ ಔಷಧಿ ಕೊಡಲು ಒಪ್ಪುತ್ತವೆ. ಹಾಲು ಬಳಸದೆ ಕಾಯುವ ದಿನಗಳನ್ನು ಮಾತ್ರ ಹೆಚ್ಚು ಇಡಬೇಕು, ಅಷ್ಟೇ. ಉಣ್ಣಿಯಿಂದ ಥೈಲೇರಿಯಾ, ಕೆಂಪು ಮೂತ್ರದ ಜ್ವರ ಬಂದು ಮಿಶ್ರತಳಿ ಆಕಳು ಸಾಯುತ್ತವೆ. "ನಾನು ಸಾವಯವ" ಅನ್ನುವ ಹೆಮ್ಮೆಗೆ ಆಕಳು, ನಾಯಿ, ಮಗು ಬೆಲೆ ಕೊಡಬಾರದು. ಮೂರು ವಾರ ನಾನು ಮಾಡಿದ್ದು ಅದನ್ನೇ.

ಹಾಗಾದರೆ ಏನು ಮಾಡಬೇಕು? ಪ್ರಾಣಿ, ಗೋಡೆ, ಹಾಸಿಗೆ, ಈ ಮೂರನ್ನೂ ಒಂದೇ ದಿನ ಹಿಡಿಯಿರಿ. ಇವತ್ತು ನಾಯಿ, ಮುಂದಿನ ವಾರ ಗೋಡೆ ಅಂದರೆ ಉಣ್ಣಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತವೆ.

ಪ್ರಾಣಿ: ನಾಯಿಗೆ ಗುಳಿಗೆಯೋ ಹನಿಯೋ, ದನಕ್ಕೆ ಯಾವುದು, ನೀರಿಗೆ ಎಷ್ಟು ಅನ್ನುವುದನ್ನು ಪಶುವೈದ್ಯರೇ ಹೇಳಲಿ. ತೂಕ, ಗಬ್ಬ, ಹಾಲು ನೋಡಿ ಕೊಡುವ ಔಷಧಿ ಅದು. ನಾಯಿಯ ಔಷಧಿ ಬೆಕ್ಕಿಗೆ ಹಾಕಬೇಡಿ, ಕೆಲವು ಬೆಕ್ಕಿಗೆ ವಿಷ. ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಆಂಬುಲೆನ್ಸ್ ಸಹಾಯವಾಣಿ.

ಗೋಡೆ: ಕ್ಯಾಲೆಂಡರ್, ಫೋಟೊ ಎಲ್ಲ ಇಳಿಸಿ. ಗಟ್ಟಿ ಬ್ರಷ್‌ನಿಂದ ಬಿರುಕು, ಚೌಕಟ್ಟು, ಪರಸಿ ಸಂದಿ ಉಜ್ಜಿ, ಕಸವನ್ನು ಸೋಪಿನ ನೀರಿಗೆ ಹಾಕಿ. ಆಮೇಲೆ ಬಿರುಕುಗಳಿಗೆ ಸಿಮೆಂಟ್ ತುಂಬಿ ಸುಣ್ಣ ಹೊಡೆಯಿರಿ. ಉಣ್ಣಿಯ ಮನೆಯೇ ಆ ಬಿರುಕು. ಅದನ್ನು ಮುಚ್ಚಿದ್ದು ನಮ್ಮಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಕೊಟ್ಟಿಗೆ ಬಿರುಕಿಗೆ ಬೆಂಕಿ ತೋರಿಸುವ ಪದ್ಧತಿ ಇದೆ, ಆದರೆ ಕಣಕಿ ಬಣವಿ, ಹತ್ತಿ ಮೂಟೆ ಇರುವ ಮನೆಯಲ್ಲಿ ಆ ಸಾಹಸ ಬೇಡ. ಇಷ್ಟಾದರೂ ಸ್ಪ್ರೇ ಬೇಕೇ ಬೇಕು ಅಂದರೆ, ಮನೆಯೊಳಗೆ ಬಳಸಲು ಅಂತ ಲೇಬಲ್ ಇರುವುದನ್ನೇ ತಂದು, ಮಕ್ಕಳು, ಪಾತ್ರೆ, ಹಿಟ್ಟು-ನೀರು ಹೊರಗಿಟ್ಟು, ಸಂದಿಗೆ ಮಾತ್ರ ಹೊಡೆಯಿರಿ.

ಹಾಸಿಗೆ: ಕೌದಿ, ನಾಯಿ ಮಲಗುವ ಗೋಣಿಚೀಲ ಕುದಿಯುವ ನೀರಲ್ಲಿ ಅದ್ದಿ, ಮಾಳಿಗೆ ಮೇಲೆ ಬಿಸಿಲಿಗೆ ಹರವಿ. ಒಣ ಬಿಸಿಯನ್ನು ಉಣ್ಣಿ ತಡೆಯುವುದಿಲ್ಲ, ನಮ್ಮೂರಲ್ಲಿ ಬಿಸಿಲಿಗೇನು ಬರವೇ?

ಎರಡು-ಮೂರು ವಾರ ಬಿಟ್ಟು ಇದೆಲ್ಲ ಮತ್ತೊಮ್ಮೆ ಮಾಡಬೇಕು, ಯಾಕಂದರೆ ಅಷ್ಟರಲ್ಲಿ ಉಳಿದ ಮೊಟ್ಟೆ ಒಡೆದಿರುತ್ತವೆ. ಮೂರು ತಿಂಗಳು ಬಿಡದೆ ನೋಡಿಕೊಳ್ಳಬೇಕು. ಜವಾರಿ ಕೋಳಿ ಅಂಗಳದ ಉಣ್ಣಿ ಹೆಕ್ಕುತ್ತವೆ, ಆದರೆ ಅವುಗಳ ಗೂಡನ್ನು ಮನೆ ಗೋಡೆಯಿಂದ ದೂರ ಇಡಿ.

ಮೈಗೆ ಕಚ್ಚಿಕೊಂಡರೆ ಸೀಮೆಎಣ್ಣೆ ಹಾಕುವುದು, ಬೀಡಿ ಬೆಂಕಿ ತಾಗಿಸುವುದು ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು, ತಿರುಚದೆ ನೇರ ಎಳೆಯಿರಿ. ಸೋಪಿನಿಂದ ತೊಳೆಯಿರಿ. ಉಗುರಿನಲ್ಲಿ ಕುಟುಕುವ ಅಭ್ಯಾಸ ಬಿಡಿ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿದ ಕ್ರಿಮಿಯನ್-ಕಾಂಗೋ ಜ್ವರ ದನದ ಪಟ್ಟೆಕಾಲಿನ ಉಣ್ಣಿಯಿಂದ ಹರಡುವಂಥದ್ದು, ಉಣ್ಣಿ ಜಜ್ಜಿದ ಕೈಯಿಂದಲೂ ಬರಬಹುದು. ಎರಡು ವಾರದೊಳಗೆ ಜ್ವರ, ತಲೆನೋವು, ಅಂಗೈ-ಅಂಗಾಲಿನಲ್ಲಿ ಗಂಧೆ ಕಂಡರೆ ಡಾಕ್ಟರಿಗೆ "ಉಣ್ಣಿ ಕಚ್ಚಿತ್ತು" ಅಂತ ಬಾಯಿಬಿಟ್ಟು ಹೇಳಿ. ಉಣ್ಣಿಯ ಟೈಫಸ್ ಜ್ವರ ಇದ್ದರೆ ಬೇಗ ಹೇಳಿದಷ್ಟೂ ಸುಲಭವಾಗಿ ಗುಣವಾಗುತ್ತದೆ. ವಾಟ್ಸಾಪ್‌ನಲ್ಲಿ ಹೆದರಿಸುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಮಲೆನಾಡಿನ ಕಾಡಿನ ಉಣ್ಣಿಯದು. ನಮ್ಮ ಪಡಸಾಲಿಯ ನಾಯಿ ಉಣ್ಣಿ ಅದಲ್ಲ.

ಎಣ್ಣಿ ಹೊಡೆದ ಮನೆಯಲ್ಲಿ ಯಾರಿಗಾದರೂ ಜೊಲ್ಲು, ವಾಂತಿ, ಬೆವರು, ಉಸಿರಾಟದ ತೊಂದರೆ ಕಂಡರೆ ಹೊರಗೆ ಗಾಳಿಗೆ ತನ್ನಿ, ಬಟ್ಟೆ ಬದಲಿಸಿ, ಸೋಪಿನಿಂದ ಮೈ ತೊಳೆದು ತಕ್ಷಣ ಆಸ್ಪತ್ರೆಗೆ ಓಡಿ. ಬಾಟಲಿಯನ್ನೂ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ಅದರ ಲೇಬಲ್ ಬೇಕು.

ಕಡೆಗೆ ಒಂದು ಮಾತು. ಮನೆಯಲ್ಲಿ ಉಣ್ಣಿ ಅಂದರೆ ನಮಗೆ ನಾಚಿಕೆ. "ಹೊಲಸು ಮನಿ" ಅಂತಾರೆ ಅನ್ನುವ ಭಯಕ್ಕೆ ಅವ್ವಂದಿರು ಯಾರಿಗೂ ಹೇಳದೆ ರಾತ್ರಿ ದೀಪ ಹಿಡಿದು ಹೆಕ್ಕುತ್ತಾರೆ. ನಮ್ಮ ಅವ್ವನೂ ನಮಗೆ ಹೇಳುವ ಮೊದಲು ಒಂದು ತಿಂಗಳು ಹಾಗೇ ಹೆಕ್ಕಿದ್ದಳಂತೆ. ನಾಚಿಕೆಯಿಂದ ಮುಚ್ಚಿಟ್ಟಿದ್ದಕ್ಕೇ ಒಂದಿದ್ದದ್ದು ನೂರಾಯಿತು. ಹೊಲ ನೋಡುವುದು ಗಂಡಸರು, ಮನೆ ನೋಡುವುದು ಹೆಂಗಸರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾಯಿ, ಎತ್ತು, ಎಣ್ಣಿ ಬಾಟಲಿ, ಮೂರನ್ನೂ ಮನೆಯೊಳಗೆ ತಂದವರು ನಾವೇ.

ನಮ್ಮ ಎತ್ತಿಗೆ ಈಗ ಹಿತ್ತಲಲ್ಲಿ ತಗಡಿನ ಕೊಟ್ಟಿಗೆ ಆಗಿದೆ. ನಾಯಿ ಅದರ ಬಾಗಿಲಲ್ಲಿ ಮಲಗುತ್ತದೆ. ಅಪ್ಪ ಇನ್ನೂ ಹತ್ತಿಗೆ ಎಣ್ಣಿ ಹೊಡೆಯುತ್ತಾನೆ, ಆ ಜಗಳ ಮುಗಿದಿಲ್ಲ. ಆದರೆ ಬಾಟಲಿ ಈಗ ಹೊಲದ ಪೆಟ್ಟಿಗೆಯಲ್ಲಿ ಇರುತ್ತದೆ, ಪೆಟ್ಟಿಗೆಗೆ ಕೀಲಿ ಇದೆ. ಆ ಕೀಲಿ ತಂದವನು ಅಪ್ಪನೇ.